ಹಳೆಯ ಸಿನಿಮಾ ಹಾಸ್ಯನಟರ ಗೊಂಬೆಗಳು: ಯಾರದು, ಯಾವ ಕಾಲದ್ದು ಎಂದು ಗುರುತಿಸುವುದು ಹೇಗೆ?

ಚಾಪ್ಲಿನ್ ಥರ ಕಾಣುವ ಒಂದು ಹಳೆಯ ಗೊಂಬೆ ಸಿಕ್ಕಿದೆ. ಮೊದಲು ಏನು ನೋಡಬೇಕು?

ಮುಖ ಆಮೇಲೆ ನೋಡಿ. ಮೊದಲು ತಿರುಗಿಸಿ, ತಳ ನೋಡಿ.

ಮುಖದಿಂದ ಗೊಂಬೆ ಯಾರದು ಅಂತ ಗೊತ್ತಾಗುತ್ತದೆ. ಯಾವ ಕಾಲದ್ದು ಅನ್ನುವುದು ಗೊತ್ತಾಗುವುದಿಲ್ಲ. ಚಾಪ್ಲಿನ್‌ನ ಅಲೆಮಾರಿ ವೇಷವನ್ನು ಜನ ಮೊದಲು ತೆರೆಯ ಮೇಲೆ ಕಂಡದ್ದು 1914ರ ಫೆಬ್ರವರಿಯಲ್ಲಿ. ಅದೇ ಟೋಪಿ, ಅದೇ ಮೀಸೆ, ಅದೇ ಬೆತ್ತ ಇಟ್ಟುಕೊಂಡು ಇವತ್ತಿಗೂ ಗೊಂಬೆ ಮಾಡುತ್ತಿದ್ದಾರೆ. 1915ರ ಗೊಂಬೆಗೂ 1985ರ ಗೊಂಬೆಗೂ ಮುಖ ಒಂದೇ ಥರ ಇರಬಹುದು. ಸಿನಿಮಾ ಹಳೆಯದು ಅಂದ ಮಾತ್ರಕ್ಕೆ ಗೊಂಬೆಯೂ ಅಷ್ಟೇ ಹಳೆಯದು ಅಂತ ನಂಬಿಬಿಡುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಗೊಂಬೆಯನ್ನು ಮಲಗಿಸಿ. ಟಾರ್ಚನ್ನು ಮೇಲಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಒತ್ತಿದ ಅಕ್ಷರಗಳಿಗೆ ಆಗ ನೆರಳು ಬೀಳುತ್ತದೆ, ಸವೆದುಹೋದ ಹೆಸರೂ ಓದಲು ಸಿಗುತ್ತದೆ. ಷೂಗಳ ಅಡಿ, ಕತ್ತಿನ ಹಿಂಭಾಗ, ಟೋಪಿಯ ಒಳಗೆ, ಕೋಟಿನ ತೋಳು, ಕೀಲಿ ತೂರಿಸುವ ತೂತಿನ ಸುತ್ತಮುತ್ತ, ಇಷ್ಟೂ ಕಡೆ ಹುಡುಕಿ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಬರಿಗಣ್ಣಿಗೆ ಸಿಗದ ಅಕ್ಷರಗಳು ಎಷ್ಟೋ ಸಲ ಸಿಗುತ್ತವೆ.

ಬೌಲರ್ ಟೋಪಿ (ದುಂಡು ತಲೆಯ ಗಟ್ಟಿ ಟೋಪಿ), ಸಣ್ಣ ಮೀಸೆ ಇದ್ದರೆ ಅದು ಚಾಪ್ಲಿನ್ನೇ ಅಲ್ವಾ?

ಹಾಗೇನೂ ಇಲ್ಲ. ಲಾರೆಲ್ ಮತ್ತು ಹಾರ್ಡಿ ಜೋಡಿಯ ಆಲಿವರ್ ಹಾರ್ಡಿಗೂ ಬೌಲರ್ ಟೋಪಿ ಇತ್ತು, ಸಣ್ಣ ಮೀಸೆಯೂ ಇತ್ತು. ಚಾಪ್ಲಿನ್ ಅಂತ ಹೇಳಬೇಕಾದರೆ ಇಡೀ ಮೈ ನೋಡಬೇಕು: ಬಿಗಿಯಾದ ಪುಟ್ಟ ಕೋಟು, ಜೋಲಾಡುವ ಪ್ಯಾಂಟು, ಅಳತೆ ಮೀರಿದ ಷೂ, ಹೊರಕ್ಕೆ ತಿರುಗಿದ ಪಾದಗಳು, ಟೋಪಿಯ ಕೆಳಗಿನಿಂದ ಇಣುಕುವ ಗುಂಗುರು ಕೂದಲು. ಬೆತ್ತ ಕಳೆದುಹೋಗಿದ್ದರೂ ಕೈಯಲ್ಲಿ ಅದನ್ನು ಸಿಕ್ಕಿಸುವ ತೂತು ಉಳಿದಿರುತ್ತದೆ.

ಜಾಸ್ತಿ ಗೊಂದಲ ಆಗುವುದು ಸರ್ಕಸ್ ಕೋಡಂಗಿಗಳ ಜೊತೆ. ಹರಿದ ಕೋಟು, ಅಪ್ಪಚ್ಚಿಯಾದ ಟೋಪಿ, ಕೆಂಪು ಮೂಗು, ಬಾಯಿಯ ಸುತ್ತ ಬಿಳಿ ಬಣ್ಣ, ಬೋಳಿಸದ ಗಡ್ಡದ ಕಪ್ಪು, ಜೋಲು ಮೋರೆ, ಇಷ್ಟು ಇದ್ದರೆ ಅದು ಹೆಚ್ಚಾಗಿ ಎಮೆಟ್ ಕೆಲ್ಲಿಯ ‘ವಿಯರಿ ವಿಲ್ಲಿ’. ಕೆಲ್ಲಿ ಅಮೆರಿಕದ ಸರ್ಕಸ್ ಕಲಾವಿದ. 1980ರ ದಶಕದಲ್ಲಿ ಫ್ಲ್ಯಾಂಬ್ರೊ ಕಂಪನಿ ಅದೇ ವೇಷ ಹಾಕುತ್ತಿದ್ದ ಆತನ ಮಗ ಎಮೆಟ್ ಕೆಲ್ಲಿ ಜೂನಿಯರ್‌ನ ಪಿಂಗಾಣಿ ಗೊಂಬೆಗಳನ್ನು ಬೇಕಾದಷ್ಟು ಮಾರಿತು. ಚಾಪ್ಲಿನ್‌ನ ಅಲೆಮಾರಿಗೆ ಕೆಂಪು ಮೂಗು ಇರಲಿಲ್ಲ. ಬಡತನದಲ್ಲೂ ಅವನು ಠೀವಿ ಬಿಟ್ಟವನಲ್ಲ, ಕುತ್ತಿಗೆಗೆ ಟೈ ಕಟ್ಟಿಯೇ ಬರುತ್ತಿದ್ದ. ಒಳ್ಳೆಯ ಗೊಂಬೆ ಮಾಡಿದವರು ಆ ಠೀವಿಯನ್ನು ಹಿಡಿದಿರುತ್ತಾರೆ.

ಚಾಪ್ಲಿನ್‌ನನ್ನು ಅನುಕರಿಸಿದ ನಟರೂ ಆ ಕಾಲದಲ್ಲಿ ಹಲವರಿದ್ದರು. ಬಿಲ್ಲಿ ವೆಸ್ಟ್ ಅಂಥವರಲ್ಲಿ ಹೆಸರಾದವನು. ಚಾರ್ಲ್ಸ್ ಅಮಡಾರ್ ಎಂಬ ನಟ ‘ಚಾರ್ಲಿ ಆಪ್ಲಿನ್’ ಅಂತ ಹೆಸರಿಟ್ಟುಕೊಂಡು ಅದೇ ವೇಷದಲ್ಲಿ ಬಂದಾಗ ಚಾಪ್ಲಿನ್ ಕೋರ್ಟಿಗೆ ಹೋಗಿ 1925ರಲ್ಲಿ ಗೆದ್ದ. ಗೊಂಬೆ ಮಾಡುವವರಲ್ಲೂ ಅನುಮತಿ ಪಡೆಯದೆ ಮಾಡಿದವರು ಬಹಳ. ಹಾಗಾಗಿ ಪೂರ್ತಿ ಹೆಸರು ಇಲ್ಲದ, ಕಂಪನಿಯ ಗುರುತೂ ಇಲ್ಲದ ಗೊಂಬೆ ಕಂಡರೆ ನಕಲಿ ಅಂತ ಎಸೆಯಬೇಡಿ. ಆ ಕಾಲದಲ್ಲೇ ಅನುಮತಿ ಇಲ್ಲದೆ ಮಾಡಿದ್ದೂ ಆಗಿರಬಹುದು. ಅದೂ ನಿಜವಾದ ಹಳೆಯ ವಸ್ತುವೇ.

ಲಾರೆಲ್ ಮತ್ತು ಹಾರ್ಡಿ ಜೋಡಿಯಲ್ಲಿ ಒಂದೇ ಗೊಂಬೆ ಉಳಿದಿದೆ. ಯಾರದು ಅಂತ ಹೇಗೆ ಹೇಳುವುದು?

ದಪ್ಪ, ಸಣ್ಣ ಅನ್ನುವುದೊಂದನ್ನೇ ನಂಬಿದರೆ ಸಾಲದು. ಸಣ್ಣ ಗೊಂಬೆಗಳಲ್ಲಿ ಆ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಕುತ್ತಿಗೆ ನೋಡಿ: ಬೋ ಟೈ ಇದ್ದರೆ ಸ್ಟ್ಯಾನ್ ಲಾರೆಲ್, ಉದ್ದನೆಯ ಟೈ ಇದ್ದರೆ ಹಾರ್ಡಿ. ಲಾರೆಲ್‌ಗೆ ಮೀಸೆ ಇಲ್ಲ, ಅವನ ಟೋಪಿಯ ಅಂಚು ಚಪ್ಪಟೆ. ಕೈ ತಲೆ ಕೆರೆಯುವ ಭಂಗಿಯಲ್ಲಿದ್ದರೂ ಅದು ಲಾರೆಲ್ಲೇ. ಹಾರ್ಡಿಯ ಕೈ ಟೈ ಹತ್ತಿರ ಇರುತ್ತದೆ, ಅದನ್ನು ಅಲ್ಲಾಡಿಸುವುದು ಅವನ ಅಭ್ಯಾಸ.

ಉಳಿದ ಹಾಸ್ಯನಟರ ಗುರುತುಗಳೇನು?

ಬಸ್ಟರ್ ಕೀಟನ್: ತಗ್ಗಾದ, ಚಪ್ಪಟೆ ಟೋಪಿ, ನಗು ಇಲ್ಲದ ಮುಖ. ನಗುತ್ತಿರುವ ಕೀಟನ್ ಗೊಂಬೆ ಕಂಡರೆ ಮಾಡಿದವರಿಗೆ ಆ ನಟ ಸರಿಯಾಗಿ ಗೊತ್ತಿರಲಿಲ್ಲ ಅಂತ ಅರ್ಥ. ಹೆರಾಲ್ಡ್ ಲಾಯ್ಡ್: ದುಂಡನೆಯ ದಪ್ಪ ಅಂಚಿನ ಕನ್ನಡಕ, ಹುಲ್ಲಿನ ಟೋಪಿ, ಇಸ್ತ್ರಿ ಮಾಡಿದ ಸೂಟು. ಗ್ರೌಚೊ ಮಾರ್ಕ್ಸ್: ಬಣ್ಣ ಬಳಿದ ದಪ್ಪ ಮೀಸೆ, ಹುಬ್ಬು, ಕನ್ನಡಕ, ಚುಟ್ಟಾ. ಮಾರ್ಕ್ಸ್ ಸಹೋದರರ ತಂಡದಲ್ಲಿ ಅವನ ಅಣ್ಣ ಹಾರ್ಪೊ ಗುಂಗುರು ಕೂದಲಿನವನು, ಇನ್ನೊಬ್ಬ ಅಣ್ಣ ಚಿಕೊ ಚೂಪು ಟೋಪಿಯವನು. ಡಬ್ಲ್ಯು. ಸಿ. ಫೀಲ್ಡ್ಸ್‌ಗೆ ಉಬ್ಬಿದ ಮೂಗು, ಎತ್ತರದ ಟೋಪಿ. ಬೆನ್ ಟರ್ಪಿನ್‌ಗೆ ಮೆಳ್ಳೆಗಣ್ಣು. ಇವರನ್ನು ಗುರುತಿಸುವುದು ಕಷ್ಟವಲ್ಲ.

ತಳದಲ್ಲಿ ದೇಶದ ಹೆಸರು ಮಾತ್ರ ಇದೆ. ಅದರಿಂದ ಏನು ತಿಳಿಯುತ್ತದೆ?

ಬಹಳ ತಿಳಿಯುತ್ತದೆ. ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅನ್ನುವ ಕಾನೂನು 1891ರಿಂದ ಜಾರಿಗೆ ಬಂತು. ಆಟಿಕೆಗಳು ಆಗ ಹೆಚ್ಚಾಗಿ ಬರುತ್ತಿದ್ದದ್ದು ಜರ್ಮನಿ ಮತ್ತು ಜಪಾನಿನಿಂದ. ಆ ಎರಡು ದೇಶಗಳ ಚರಿತ್ರೆ ಗೊಂಬೆಯ ತಳದಲ್ಲೇ ಬರೆದಿರುತ್ತದೆ.

ಜಪಾನಿನ ಸಾಮಾನಿನ ಮೇಲೆ ಮೊದಲು ‘ನಿಪ್ಪಾನ್’ ಅಂತ ಇರುತ್ತಿತ್ತು. 1921ರಿಂದ ಅಮೆರಿಕದವರು ಆ ಹೆಸರನ್ನು ಒಪ್ಪಲಿಲ್ಲ, ‘ಜಪಾನ್’ ಅಂತಲೇ ಬರೆಯಬೇಕಾಯಿತು. ‘ಆಕ್ಯುಪೈಡ್ ಜಪಾನ್’ ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ರಲ್ಲಿ ಜಪಾನಿನ ಮೇಲೆ ಗೆದ್ದ ದೇಶಗಳ ಸೇನಾ ಆಡಳಿತ ಮುಗಿಯುವ ತನಕದ್ದು. ಇಷ್ಟು ಕಿರಿದಾದ ಅವಧಿಯನ್ನು ಎರಡೇ ಪದದಲ್ಲಿ ಹೇಳಿಬಿಡುವ ಗುರುತು ಸಿಗುವುದು ಅಪರೂಪ. ಹಾಗೆಯೇ ‘ಯುಎಸ್ ಝೋನ್ ಜರ್ಮನಿ’ (ಯುದ್ಧದ ನಂತರ ಅಮೆರಿಕದ ಹಿಡಿತದಲ್ಲಿದ್ದ ಜರ್ಮನಿಯ ಭಾಗ) ಅಂದರೆ 1940ರ ದಶಕದ ಕೊನೆಯ ಭಾಗ, ಸ್ವಲ್ಪ ಆಚೀಚೆ. ‘ವೆಸ್ಟರ್ನ್ ಜರ್ಮನಿ’ ಅಥವಾ ‘ವೆಸ್ಟ್ ಜರ್ಮನಿ’ ಅಂತ ಇದ್ದರೆ 1949ರ ನಂತರ, 1990ಕ್ಕೆ ಮೊದಲು. ಬರೀ ‘ಜರ್ಮನಿ’ ಅಂತ ಇದ್ದರೆ ಯುದ್ಧಕ್ಕೆ ಮುಂಚಿನದು ಆಗಿರುವ ಸಾಧ್ಯತೆ ಇದೆ. ಆದರೆ ಜರ್ಮನಿ ಮತ್ತೆ ಒಂದಾದ ಮೇಲೆ ಮಾಡಿದ್ದೂ ಇರಬಹುದು, ಅದಕ್ಕೆ ಬೇರೆ ಸಾಕ್ಷಿ ಬೇಕು.

‘ಡಿ.ಆರ್.ಜಿ.ಎಂ.’ ಎಂಬ ನಾಲ್ಕು ಅಕ್ಷರ ಕಂಡರೆ ಅದು ಕಂಪನಿಯ ಹೆಸರಲ್ಲ. ಜರ್ಮನಿಯಲ್ಲಿ ಒಂದು ಹೊಸ ರಚನೆಯನ್ನು ನೋಂದಾಯಿಸಿದಾಗ ಹಾಕುತ್ತಿದ್ದ ಗುರುತು ಅದು. 1891ರಲ್ಲಿ ಶುರುವಾಗಿ ಎರಡನೇ ಮಹಾಯುದ್ಧದ ತನಕ ನಡೆಯಿತು. ಕೀಲಿ ಗೊಂಬೆಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ.

ದೇಶದ ಹೆಸರು ಇಲ್ಲದಿದ್ದರೆ ಗಾಬರಿಯಾಗಬೇಡಿ. ಎಷ್ಟೋ ಗೊಂಬೆಗಳಿಗೆ ಬರೀ ಕಾಗದದ ಚೀಟಿ ಅಂಟಿಸುತ್ತಿದ್ದರು. ಅದು ಉದುರಿಹೋಗಿರುತ್ತದೆ. ಕೆಲವು ಸಲ ಚೀಟಿ ಇದ್ದ ಜಾಗದಲ್ಲಿ ಬಣ್ಣ ಮಾಸದೆ ಒಂದು ಚೌಕ ಉಳಿದಿರುತ್ತದೆ, ನೋಡಿ.

ಗೊಂಬೆಯ ಮೇಲೆ ಒಂದು ಇಸವಿ ಇದೆ. ಅದೇ ವರ್ಷದ್ದು ಅಂದುಕೊಳ್ಳಬಹುದಾ?

ಬೇಡ. ಕಾಪಿರೈಟ್ ಗುರುತಿನ ಪಕ್ಕದ ಇಸವಿ ಆ ರೂಪ ಮೊದಲು ಹೊರಬಂದದ್ದು ಯಾವಾಗ ಅಂತ ಹೇಳುತ್ತದೆ. ಅದೇ ಅಚ್ಚಿನಿಂದ ಮುಂದೆ ಹತ್ತಾರು ವರ್ಷ ಗೊಂಬೆ ತೆಗೆದಿರಬಹುದು. ಇಸವಿಯನ್ನು ಓದುವ ಸರಿಯಾದ ಕ್ರಮ ಹೀಗೆ: ಗೊಂಬೆ ಇದಕ್ಕಿಂತ ಹಳೆಯದಲ್ಲ. ಅಷ್ಟು ಮಾತ್ರ ಖಚಿತ.

ಯಾವ ಕಂಪನಿಗಳ ಹೆಸರು ಸಿಗಬಹುದು? ಸಿಕ್ಕರೆ ಅದರ ಅರ್ಥವೇನು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಇಲ್ಲೇ.

1915ರಲ್ಲಿ ಅಮೆರಿಕಕ್ಕೆ ಚಾಪ್ಲಿನ್ ಹುಚ್ಚು ಹಿಡಿದಿತ್ತು. ಆ ವರ್ಷ ನ್ಯೂಯಾರ್ಕಿನ ಲೂಯಿ ಆಂಬರ್ಗ್ ಅಂಡ್ ಸನ್ ಕಂಪನಿ ಚಾಪ್ಲಿನ್ ಗೊಂಬೆ ತಂದಿತು. ಮರದ ಪುಡಿ, ಅಂಟು ಕಲಸಿ ಮಾಡಿದ ತಲೆ, ಬಟ್ಟೆಯ ಮೈ. ಕೋಟಿನ ತೋಳಿಗೆ ಒಂದು ಬಟ್ಟೆಯ ಚೀಟಿ ಹೊಲಿದಿದ್ದರು. ಎಸ್ಸನೆ ಫಿಲ್ಮ್ ಕಂಪನಿಯ ಜೊತೆಗಿನ ವಿಶೇಷ ಒಪ್ಪಂದದಿಂದ ಮಾಡಿದ್ದು ಅಂತ ಅದರಲ್ಲಿ ಬರೆದಿತ್ತು. ಆ ಚೀಟಿಯೇ ಕಾಲವನ್ನು ಹೇಳುತ್ತದೆ: ಚಾಪ್ಲಿನ್ ಎಸ್ಸನೆಯಲ್ಲಿದ್ದದ್ದು 1915ರಲ್ಲಿ, 1916ರ ಶುರುವಿಗೆ ಮ್ಯೂಚುಯಲ್ ಕಂಪನಿಗೆ ಹೋದ. ಹಳೆಯ ಬಟ್ಟೆ ಗೊಂಬೆ ಸಿಕ್ಕರೆ ತೋಳಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಚೀಟಿ ಹೋಗಿದ್ದರೂ ನಾಲ್ಕು ಮೂಲೆಯಲ್ಲಿ ಹೊಲಿಗೆಯ ತೂತು, ಒಂದೆರಡು ದಾರದ ತುಂಡು ಇರಬಹುದು.

ಷೂಕೊ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1912ರಲ್ಲಿ ಶುರುವಾದ ಕಂಪನಿ. ಅವರ ಚಾಪ್ಲಿನ್ ಕೀಲಿ ಗೊಂಬೆಗೆ ತಗಡಿನ ಮೈ, ಫೆಲ್ಟ್ ಬಟ್ಟೆಯ ಉಡುಪು. ಎತ್ತರ ಸುಮಾರು 17 ಸೆಂಟಿಮೀಟರ್. ಕೀಲಿ ಕೊಟ್ಟರೆ ಮೈ ಕುಲುಕುತ್ತಾ ಬೆತ್ತ ತಿರುಗಿಸುತ್ತದೆ. ಯುದ್ಧಕ್ಕೆ ಮುಂಚಿನ ಚಾಪ್ಲಿನ್ ಗೊಂಬೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ, ಚಲನೆಯಲ್ಲಿ ಆ ನಟನ ನಡಿಗೆ ಕಾಣುತ್ತದೆ. ಹೆರಾಲ್ಡ್ ಲಾಯ್ಡ್‌ನ ತಗಡಿನ ನಡೆಯುವ ಗೊಂಬೆಯನ್ನು ಅಮೆರಿಕದ ಲೂಯಿ ಮಾರ್ಕ್ಸ್ ಕಂಪನಿ 1920ರ ದಶಕದ ಕೊನೆಗೆ ತಂದಿತು. ಇದಕ್ಕೂ ಮಾರ್ಕ್ಸ್ ಸಹೋದರರಿಗೂ ಏನೂ ಸಂಬಂಧವಿಲ್ಲ. ‘ಮಾರ್ಕ್ಸ್’ ಅಂತ ಓದಿ ಗ್ರೌಚೊ ಗೊಂಬೆ ಅಂದುಕೊಳ್ಳಬೇಡಿ.

ಇನ್ನು ಲಾರೆಲ್ ಹಾರ್ಡಿ. ತಳದಲ್ಲಿ ‘ಲ್ಯಾರಿ ಹಾರ್ಮನ್ ಪಿಕ್ಚರ್ಸ್ ಕಾರ್ಪ್’ ಅಂತ ಇದೆಯಾ? ಹಾಗಾದರೆ ಅದು 1930ರ ದಶಕದ್ದು ಆಗಲು ಸಾಧ್ಯವೇ ಇಲ್ಲ. ಹಾರ್ಮನ್ ಆ ಜೋಡಿಯ ರೂಪದ ಹಕ್ಕು ಪಡೆದದ್ದು 1960ರ ದಶಕದಲ್ಲಿ, 1966ರಲ್ಲಿ ಅವರ ಕಾರ್ಟೂನ್ ಸರಣಿಯನ್ನೂ ತಂದ. ಪ್ಲೇ ಪಾಲ್ ಕಂಪನಿಯ ದೊಡ್ಡ ಪ್ಲಾಸ್ಟಿಕ್ ಹುಂಡಿಗಳು 1970ರ ದಶಕದವು. ಮಾರುವವರು ಇವನ್ನು ‘ಸಿನಿಮಾ ಕಾಲದ ಗೊಂಬೆ’ ಅಂತ ಹೇಳಿ ತೋರಿಸಿದರೆ ಈ ಒಂದು ಸಾಲು ಸಾಕು, ಮಾತು ಮುಗಿಯುತ್ತದೆ. ಚಾಪ್ಲಿನ್ ಗೊಂಬೆಯ ಮೇಲೆ ‘ಬಬಲ್ಸ್ ಇಂಕ್’ ಅಂತ ಇದ್ದರೂ ಹೀಗೆಯೇ: ಅದು ಚಾಪ್ಲಿನ್‌ನ ಹೆಸರು ಮತ್ತು ರೂಪದ ಹಕ್ಕು ನೋಡಿಕೊಳ್ಳುವ ಸಂಸ್ಥೆ. ಅನುಮತಿ ಪಡೆದ ಗೊಂಬೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ, ಮೂಕಿ ಚಿತ್ರಗಳ ಕಾಲದ್ದು ಅನ್ನುವುದಕ್ಕೆ ಅಲ್ಲ.

1970ರ ದಶಕದಲ್ಲಿ ಹಳೆಯ ಹಾಸ್ಯನಟರ ಮೇಲೆ ಜನರ ಪ್ರೀತಿ ಮತ್ತೆ ಉಕ್ಕಿತು. 1972ರಲ್ಲಿ ಚಾಪ್ಲಿನ್ ಅಮೆರಿಕಕ್ಕೆ ವಾಪಸ್ ಬಂದು ಗೌರವ ಆಸ್ಕರ್ ಪಡೆದ. ಎಸ್ಕೊ ಕಂಪನಿಯ ದೊಡ್ಡ ತಲೆಯ ಪ್ಲಾಸ್ಟರ್ ಪ್ರತಿಮೆಗಳು ಆ ಕಾಲದವು. ಇಂಗ್ಲೆಂಡಿನ ರಾಯಲ್ ಡೌಲ್ಟನ್ ಕಂಪನಿಯ ಫೀಲ್ಡ್ಸ್, ಗ್ರೌಚೊ ಮುಖದ ಪಿಂಗಾಣಿ ಹೂಜಿಗಳು 1980ರ ದಶಕದವು. ಇಂದು ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಈ ಎರಡು ದಶಕದ ಸಾಮಾನು. ಅದನ್ನು ಕೇಳಿ ಬೇಜಾರಾಗುವವರನ್ನು ನೋಡಿದ್ದೇನೆ. ಬೇಜಾರಾಗಬೇಕಾಗಿಲ್ಲ. ಅವಕ್ಕೂ ಈಗ ಅರ್ಧ ಶತಮಾನದ ಹತ್ತಿರ ವಯಸ್ಸು, ಅವನ್ನೇ ಹುಡುಕಿ ಕೂಡಿಸುವವರೂ ಇದ್ದಾರೆ.

ಯಾವ ಗುರುತೂ ಇಲ್ಲ. ಈಗ ಏನು ಮಾಡುವುದು?

ಯಾವುದರಿಂದ ಮಾಡಿದ್ದಾರೆ ಅಂತ ನೋಡಿ.

ಕೈಯಲ್ಲಿ ಹಿಡಿದಾಗ ಹಗುರ, ತೆಳು ಗೋಡೆ, ಒಳಗೆ ಟೊಳ್ಳು, ಉಗುರಿನಿಂದ ತಟ್ಟಿದರೆ ಟಕ್ ಅನ್ನುವ ಸದ್ದು: ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಇರಬಹುದು. ಹೆಬ್ಬೆರಳಿನಿಂದ ಒಂದು ಜಾಗವನ್ನು ಬಿಸಿಯಾಗುವ ತನಕ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತದೆ. ಯುದ್ಧಕ್ಕೆ ಮುಂಚಿನ ಜಪಾನಿನ ಅಗ್ಗದ ಗೊಂಬೆಗಳು ಬಹಳಷ್ಟು ಇದರಲ್ಲೇ ಆದವು. ತಗಡಿನ ಗೊಂಬೆಯಾದರೆ ಅಂಚಿನಲ್ಲಿ ಸಣ್ಣ ನಾಲಗೆಗಳನ್ನು ಸೀಳಿನಲ್ಲಿ ತೂರಿಸಿ ಮಡಚಿರುತ್ತಾರೆ. ಅದನ್ನು ಒಮ್ಮೆ ಬಿಚ್ಚಿ ಮತ್ತೆ ಮಡಚಿದ್ದರೆ ಮಡಿಕೆಯ ಜಾಗದಲ್ಲಿ ಬಣ್ಣ ಒಡೆದು ಬಿರುಕು ಕಾಣುತ್ತದೆ, ಅಂದರೆ ಯಾರೋ ರಿಪೇರಿ ಮಾಡಿದ್ದಾರೆ. ಭಾರವಾಗಿದ್ದು, ಚಕ್ಕೆ ಎದ್ದ ಕಡೆ ಸುಣ್ಣದಂಥ ಬಿಳುಪು ಇದ್ದರೆ ಪ್ಲಾಸ್ಟರ್. ಮುಖದ ಮೇಲೆಲ್ಲ ಕೂದಲೆಳೆಯಂಥ ಬಿರುಕು ಹರಡಿದ್ದು, ಒಡೆದ ಕಡೆ ಕಂದು ಪುಡಿ ಕಂಡರೆ ಮರದ ಪುಡಿಯ ತಲೆ.

ಕಂಚು ಅಂತ ಹೇಳಿ ಮಾರುವ ಪ್ರತಿಮೆಗಳ ವಿಷಯದಲ್ಲಿ ಹುಷಾರಾಗಿರಿ. ಲೋಹ ಮುಟ್ಟಿದ ತಕ್ಷಣ ತಣ್ಣಗೆ ಇರುತ್ತದೆ. ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ, ಪ್ಲಾಸ್ಟಿಕ್‌ನಂಥ ವಸ್ತು) ಅಷ್ಟು ತಣ್ಣಗಿರುವುದಿಲ್ಲ, ತಳದಲ್ಲಿ ಗುಂಡುಸೂಜಿ ತಲೆಯಷ್ಟು ಗಾಳಿಗುಳ್ಳೆ ಇರುತ್ತದೆ. ರೆಸಿನ್ ಪ್ರತಿಮೆಗಳು ಹೆಚ್ಚಾಗಿ 1970ರ ಈಚಿನವು. ಮೆದುವಾದ ವಿನೈಲ್ ತಲೆ ಇದ್ದರೆ ಎರಡನೇ ಮಹಾಯುದ್ಧದ ನಂತರದ್ದು. ಪ್ಲಸ್ ಆಕಾರದ ತಲೆಯ ಸ್ಕ್ರೂ ಇದ್ದರೆ 1930ರ ದಶಕದ ನಡುವಿಗಿಂತ ಹಿಂದಿನದಲ್ಲ, ಅಥವಾ ಸ್ಕ್ರೂ ಬದಲಾಯಿಸಿದ್ದಾರೆ.

ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಬಹುದು ಅಂತ ಕೇಳಿದ್ದೇನೆ. ಮಾಡಲಾ?

ದಯವಿಟ್ಟು ಬೇಡ. ಸೆಲ್ಯುಲಾಯ್ಡ್‌ಗೆ ಬೆಂಕಿ ಹತ್ತುವುದು ಬಲು ಬೇಗ, ಹತ್ತಿದರೆ ಭಗ್ಗನೆ ಉರಿದುಹೋಗುತ್ತದೆ. ಗೊಂಬೆಯೂ ಹಾಳು, ಕೈಯೂ ಸುಡುತ್ತದೆ. ಕರ್ಪೂರದ ವಾಸನೆ ಸಾಕು. ಇದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬಿಸಿಲಿಗೂ ಇಡಬೇಡಿ. ಕೆಡಲು ಶುರುವಾದ ಸೆಲ್ಯುಲಾಯ್ಡ್‌ನಿಂದ ಬರುವ ಆವಿ ಪಕ್ಕದಲ್ಲಿರುವ ತಗಡಿನ ಗೊಂಬೆಗೂ ತುಕ್ಕು ಹಿಡಿಸುತ್ತದೆ. ಬೇರೆಯಾಗಿ, ತಂಪು ಜಾಗದಲ್ಲಿ, ಗಾಳಿಯಾಡುವಂತೆ ಇಡಿ.

ಅತಿನೇರಳೆ (ಯುವಿ) ಬೆಳಕಿನ ಟಾರ್ಚ್ ಹಾಕಿದಾಗ ಗೊಂಬೆಯ ಶರ್ಟ್ ಹೊಳೆಯಿತು. ಹಾಗಾದರೆ ನಕಲಿಯೇ?

ತೀರ್ಮಾನಕ್ಕೆ ಬರಬೇಡಿ. ಬಟ್ಟೆ, ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಿಂದ ಈಚೆಗೆ. ಅವು ಆ ಬೆಳಕಿನಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತವೆ. ಆದರೆ ಹಳೆಯ ಬಟ್ಟೆಯನ್ನು ಇತ್ತೀಚೆಗೆ ಯಾರಾದರೂ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ. ಹೊರಗಡೆ ಮಾತ್ರ ನೋಡದೆ ಹೊಲಿಗೆಯ ದಾರವನ್ನು, ಒಳಮಡಿಕೆಯನ್ನು ನೋಡಿ. ದಾರವೂ ಅಷ್ಟೇ ಜೋರಾಗಿ ಹೊಳೆದರೆ ಅನುಮಾನ ಪಡಬಹುದು.

ಸವೆತ ನಿಜವಾದದ್ದೋ ಬೇಕಂತ ಮಾಡಿದ್ದೋ?

ಕೈ ತಾಗುವ ಕಡೆ ಮಾತ್ರ ಸವೆದಿರಬೇಕು. ಟೋಪಿಯ ಅಂಚು, ಮೂಗಿನ ತುದಿ, ಮೊಣಕೈ, ಷೂಗಳ ಮೂತಿ, ಕೀಲಿಯ ಸುತ್ತ. ತೋಳಿನ ಕೆಳಗೆ, ಕೋಟಿನ ಮಡಿಕೆಯ ಒಳಗೆ ಬಣ್ಣ ಹೊಸದರಂತೆ ಉಳಿದಿರಬೇಕು. ಆಟದಲ್ಲಿ ಸವೆದ ಮೂಗಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಅಂಚು ನುಣ್ಣಗೆ ಇಳಿಜಾರಾಗಿ, ಒಂದು ಪದರ ಇನ್ನೊಂದಕ್ಕೆ ಸೇರಿಕೊಂಡಂತೆ ಇರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದ್ದರೆ ಒಂದೇ ದಿಕ್ಕಿನ ಗೀರುಗಳು ಸಾಲಾಗಿ ಕಾಣುತ್ತವೆ. ಕಂದು ಬಣ್ಣ ಬಳಿದು ಹಳೆಯದು ಮಾಡಿದ ಗೊಂಬೆಯಲ್ಲಿ ಕೊಳೆ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಧೂಳು ಸಂದಿಯಲ್ಲಿ ಜಾಸ್ತಿ, ಉಬ್ಬಿದ ಕಡೆ ಕಡಿಮೆ. ನನ್ನ ಮಟ್ಟಿಗೆ ಸವೆತವನ್ನು ಓದಲು ಕಲಿಯುವುದು ಕಂಪನಿಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಮುಖ್ಯ.

ಡಬ್ಬಿಯೂ ಇದೆ. ಅದರಿಂದ ಉಪಯೋಗ ಇದೆಯಾ?

ಖಂಡಿತ, ಎಸೆಯಬೇಡಿ. ಬಾರ್‌ಕೋಡ್ ಇದ್ದರೆ 1974ಕ್ಕಿಂತ ಹಿಂದಿನದಲ್ಲ, ಅಂಗಡಿಯಲ್ಲಿ ಅದನ್ನು ಮೊದಲು ಓದಿಸಿದ್ದು ಆ ವರ್ಷ. ಅಮೆರಿಕದ ವಿಳಾಸದಲ್ಲಿ ನಮ್ಮ ಪಿನ್ ಕೋಡ್‌ನಂಥ ಐದು ಅಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರದ್ದು. ಊರಿನ ಹೆಸರಾದ ಮೇಲೆ ಒಂದೋ ಎರಡೋ ಅಂಕಿ ಮಾತ್ರ ಇದ್ದರೆ 1943ರಿಂದ 1963ರ ನಡುವಿನದು ಇರಬಹುದು. ಆದರೆ ಡಬ್ಬಿ ಮತ್ತು ಗೊಂಬೆ ಒಂದೇ ಜೋಡಿಯವು ಹೌದಾ ಅಂತ ನೋಡಿ. ಗೊಂಬೆ ಅದರೊಳಗೆ ಅಲ್ಲಾಡದೆ ಕೂರಬೇಕು.

ಕೀಲಿ ಗೊಂಬೆ ಓಡುತ್ತಿಲ್ಲ. ಜೋರಾಗಿ ತಿರುಗಿಸಲಾ?

ಬೇಡ. ಹಳೆಯ ಎಣ್ಣೆ ಗಟ್ಟಿಯಾಗಿ ಹಲ್ಲುಚಕ್ರ ಹಿಡಿದುಕೊಂಡಿರುತ್ತದೆ. ಬಲವಂತ ಮಾಡಿದರೆ ಸ್ಪ್ರಿಂಗ್ ತುಂಡಾಗುತ್ತದೆ. ಮೇಲಿಂದ ಎಣ್ಣೆ ಸುರಿದರೆ ಬಟ್ಟೆಗೆ ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ಹಳೆಯ ಗಡಿಯಾರ ರಿಪೇರಿ ಮಾಡುವವರಿಗೆ ಈ ಕೆಲಸ ಬರುತ್ತದೆ, ಅವರಿಗೆ ತೋರಿಸಿ.

ಸ್ವಲ್ಪ ತೊಳೆದು, ಬಣ್ಣ ಹಚ್ಚಿ ಚೆನ್ನಾಗಿ ಮಾಡಿದರೆ ಬೆಲೆ ಜಾಸ್ತಿ ಬರುತ್ತದಾ?

ಕಡಿಮೆ ಆಗುತ್ತದೆ. ಮರದ ಪುಡಿಯ ತಲೆಗೆ ನೀರು ತಾಗಿದರೆ ಉಬ್ಬಿ ಸಿಪ್ಪೆ ಏಳುತ್ತದೆ, ಪ್ಲಾಸ್ಟರ್‌ನ ಬಣ್ಣ ನೀರಿಗೆ ಕೈಗೇ ಬರುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಅಲ್ಲಿಗೆ ನಿಲ್ಲಿಸಿ. ಚಕ್ಕೆ ಎದ್ದ ಮೀಸೆಗೆ ಹೊಸ ಕಪ್ಪು ಬಳಿದ ಗೊಂಬೆಗಿಂತ ಚಕ್ಕೆ ಎದ್ದ ಹಾಗೆಯೇ ಇರುವ ಗೊಂಬೆಗೆ ಬೆಲೆ ಜಾಸ್ತಿ. ಬೆತ್ತ, ಟೋಪಿ ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ಹೊಸ ಬೆತ್ತ ಮಾಡಿ ಸಿಕ್ಕಿಸಬಹುದು, ಆದರೆ ಕೊಳ್ಳುವವರಿಗೆ ಅದನ್ನು ಮೊದಲೇ ಹೇಳಬೇಕು.

ಗೊತ್ತಿದ್ದವರನ್ನು ಕೇಳುವಾಗ ಏನೇನು ಕಳಿಸಬೇಕು?

ಮುಂದೆ, ಹಿಂದೆ, ಎರಡು ಪಕ್ಕ, ತಳ, ಮುಖ ಹತ್ತಿರದಿಂದ, ಮತ್ತು ಎಲ್ಲೆಲ್ಲಿ ಅಕ್ಷರ ಇದೆಯೋ ಅಲ್ಲೆಲ್ಲ ಓರೆ ಬೆಳಕಿನಲ್ಲಿ ತೆಗೆದ ಫೋಟೊ. ಟೋಪಿಯ ತುದಿಯಿಂದ ಷೂ ತನಕ ಎತ್ತರ, ಮತ್ತು ತೂಕ. ಒಡೆದ ಕಡೆ ಒಳಗಿನ ಬಣ್ಣ ಏನು ಅಂತ ಬರೆಯಿರಿ. ಗೊಂಬೆ ಯಾರಿಂದ ಬಂತು, ಅವರ ಹತ್ತಿರ ಎಷ್ಟು ಕಾಲ ಇತ್ತು ಅನ್ನುವುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಆದರೆ ‘ಇದು ನೂರು ವರ್ಷದ್ದು ಅಂತ ಅಜ್ಜ ಹೇಳುತ್ತಿದ್ದರು’ ಅನ್ನುವುದನ್ನು ಕೊನೆಯಲ್ಲಿ ಹಾಕಿ, ನೋಡುವವರು ಮೊದಲು ಗೊಂಬೆಯನ್ನೇ ನೋಡಲಿ.